ಒಂದು ಕಲ್ಲೂ ಹೊರಗೆ ಹೋಗಕೂಡದು

ಅಮೆರಿಕದ ನೆವಾಡ ಮರುಭೂಮಿಯಲ್ಲಿರುವ ಅಣ್ವಸ್ತ್ರ ಪರೀಕ್ಷಾ ನೆಲೆಯನ್ನು ಸಾರ್ವಜನಿಕರಿಗೆ ಪುಕ್ಕಟೆಯಾಗಿ ತೋರಿಸುವ ಬಸ್ ಪ್ರವಾಸದ ನಿಯಮಾವಳಿಯನ್ನು ಓದಿದವರಿಗೆ, ಆ ದೇಶದ ಆಡಳಿತದ ಎಚ್ಚರಿಕೆಯ ಬಗ್ಗೆ ಭಕ್ತಿಯೇ ಹುಟ್ಟೀತು. ಮೊಬೈಲ್ ತರಕೂಡದು, ಕ್ಯಾಮೆರಾ ತರಕೂಡದು, ದುರ್ಬೀನೂ ತರಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಯ ಮಣ್ಣು, ಕಲ್ಲು, ಲೋಹದ ಚೂರು ಯಾವುದನ್ನೂ ಜೇಬಿಗೆ ಇಳಿಸಕೂಡದು. 1951ರಿಂದ 1992ರವರೆಗೆ 928 ಪರೀಕ್ಷೆಗಳು ನಡೆದ ನೆಲವದು. ಅವುಗಳಲ್ಲಿ ನೂರು ಬಯಲಿನಲ್ಲೇ ಸಿಡಿದಂಥವು. ಆಗೆಲ್ಲ ಅಲ್ಲಿಯ ಮಣ್ಣು ಯಾರ ಅಪ್ಪಣೆಗೂ ಕಾಯದೆ ಗಾಳಿಯೇರಿ ಬೇಲಿ ದಾಟಿ ಹೋಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ಸರ್ಕಾರಗಳನ್ನು ಮೀರಿಸುವವರಿಲ್ಲ.

ಗರ್ಭಿಣಿಯರು ಈ ಪ್ರವಾಸಕ್ಕೆ ಬಾರದಿರುವುದು ಲೇಸು ಎಂಬ ಸಲಹೆಯನ್ನೂ ಅಧಿಕಾರಿಗಳು ಕೊಟ್ಟಿದ್ದುಂಟು. ಕಾರಣವೇನೆಂದರೆ ಬಸ್ಸಿನ ದಾರಿ ದೀರ್ಘ, ನೆಲ ಏರುತಗ್ಗು! ಸುಮಾರು 400 ಕಿಲೋಮೀಟರ್ ಕುಲುಕಾಡಿದರೆ ಯಾರಿಗಾದರೂ ಸೊಂಟ ನೋಯುವುದು ನಿಜವೇ ಆದ್ದರಿಂದ ಇದನ್ನು ಸುಳ್ಳೆನ್ನುವಂತಿಲ್ಲ. ಆದರೂ ಆ ವಾಕ್ಯವನ್ನು ರಚಿಸಿದ ಗುಮಾಸ್ತರಿಗೆ ಯಾವುದಾದರೂ ಸಾಹಿತ್ಯ ಪ್ರಶಸ್ತಿ ಸಲ್ಲಬೇಕಾಗಿತ್ತು.

ಇಲ್ಲಿ ನೋಡುವುದಕ್ಕೇನೂ ಕೊರತೆಯಿಲ್ಲ. ಅಂದಿನ ಪತ್ರಕರ್ತರು ಕಪ್ಪು ಕನ್ನಡಕ ಧರಿಸಿ ಕುಳಿತು ಸ್ಫೋಟ ನೋಡಿದ ಮರದ ಬೆಂಚುಗಳುಂಟು. 1955ರ ಮೇ 5ರ ಸ್ಫೋಟಕ್ಕೆಂದೇ ಕಟ್ಟಿದ ಎರಡಂತಸ್ತಿನ ಮನೆಯೊಂದು ಇನ್ನೂ ನಿಂತಿದೆ. ಆ ಸಲದ ಮನೆಗಳಲ್ಲಿ ಹೊಸ ಬಟ್ಟೆ ತೊಡಿಸಿದ ಬೊಂಬೆಗಳ ಸಂಸಾರಗಳನ್ನು ಹೂಡಿ, ಅಪ್ಪ, ಅಮ್ಮ, ಮಕ್ಕಳನ್ನು ಅವರವರ ಜಾಗದಲ್ಲಿ ಕೂರಿಸಿ, ಆಮೇಲೆ ಬಾಂಬು ಸಿಡಿಸಿ, ಯಾವ ಬಟ್ಟೆ ಎಷ್ಟು ಸುಟ್ಟಿತೆಂದು ಬರೆದುಕೊಂಡರು. ಅದೇ ವರ್ಷದ ಪರೀಕ್ಷೆಗಳಲ್ಲಿ ಬಿಯರ್ ಮತ್ತು ಸೋಡಾದ ಬಾಟಲಿ, ಡಬ್ಬಿಗಳನ್ನೂ ಬಾಂಬಿನ ಸಮೀಪದಲ್ಲಿ ಇರಿಸಲಾಗಿತ್ತು. ಒಡೆಯದೆ ಉಳಿದವನ್ನು ವಿಜ್ಞಾನಿಗಳು ಕುಡಿದು ನೋಡಿ, ತುರ್ತು ಸಂದರ್ಭದಲ್ಲಿ ಕುಡಿಯಲು ಅಡ್ಡಿಯಿಲ್ಲವೆಂದೂ, ತೀರ ಹತ್ತಿರವಿದ್ದ ಬಿಯರಿನ ರುಚಿ ಮಾತ್ರ ಕೊಂಚ ಕೆಟ್ಟಿದೆಯೆಂದೂ ವರದಿ ಕೊಟ್ಟರು. ಲೋಕವೆಲ್ಲ ಬೂದಿಯಾದ ಮರುದಿನ ಬದುಕುಳಿದವನು ಮೊದಲು ಕೇಳುವುದು ಬಿಯರನ್ನೇ ಎಂಬ ಮನುಷ್ಯಜ್ಞಾನ ಅವರಿಗಿತ್ತು. ನೂರು ಕಿಲೋಮೀಟರ್ ಆಚೆಗಿನ ಲಾಸ್ ವೇಗಸ್ ಕೂಡ ಸುಮ್ಮನಿರಲಿಲ್ಲ. ಅಲ್ಲಿಯ ಹೋಟೆಲುಗಳು ಬೆಳಗಿನ ಜಾವದ ಸ್ಫೋಟ ನೋಡುವವರಿಗೆ ಪಾನಗೋಷ್ಠಿ ನಡೆಸಿದವು. 1957ರಲ್ಲಿ ನರ್ತಕಿಯೊಬ್ಬಳಿಗೆ ಅಣಬೆ ಮೋಡದ ಆಕಾರದ ಹತ್ತಿಯನ್ನು ಹೊದಿಸಿ "ಮಿಸ್ ಅಟಾಮಿಕ್ ಬಾಂಬ್" ಎಂದು ಫೋಟೋ ತೆಗೆದರು.

ಪ್ರವಾಸದ ಮುಕುಟಮಣಿಯೆಂದರೆ ಸೆಡಾನ್ ಕುಳಿ. ಬಂದರು, ಕಾಲುವೆಗಳನ್ನು ಬಾಂಬಿನಿಂದಲೇ ತೋಡಬಹುದೇ ಎಂದು ನೋಡುವುದಕ್ಕಾಗಿ 1962ರ ಜುಲೈ 6ರಂದು 104 ಕಿಲೋಟನ್ ಶಕ್ತಿಯ ಬಾಂಬನ್ನು ಹೂತು ಸಿಡಿಸಿದಾಗ, 1.2 ಕೋಟಿ ಟನ್ ಮಣ್ಣು ಎದ್ದು, ಸುಮಾರು 390 ಮೀಟರ್ ಅಗಲ, ಸುಮಾರು ನೂರು ಮೀಟರ್ ಆಳದ ಹಳ್ಳವಾಯಿತು. ಇದನ್ನು ಅವರು ಶಾಂತಿಯುತ ಬಳಕೆಯೆಂದು ಕರೆದರು. ಆ ಶಾಂತಿಯ ದೂಳು ದೂರದ ಅಯೋವಾ ರಾಜ್ಯದವರೆಗೂ ತಲುಪಿತು. 1994ರಲ್ಲಿ ಕುಳಿಯನ್ನು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಯಿತು. ಈಗ ಪ್ರವಾಸಿಗರು ಅದರ ಅಂಚಿನಲ್ಲಿ ಕಟ್ಟಿದ ಜಗುಲಿಯ ಮೇಲೆ ನಿಂತು ಒಳಗೆ ಇಣುಕಿ ನೋಡಿ, ಮತ್ತೆ ಬಸ್ಸು ಹತ್ತುತ್ತಾರೆ.

ಬಸ್ಸು ಸೇಂಟ್ ಜಾರ್ಜಿಗೆ ಹೋಗುವುದಿಲ್ಲ. ಗಾಳಿ ಲಾಸ್ ವೇಗಸ್, ಲಾಸ್ ಏಂಜಲೀಸ್‌ಗಳ ಕಡೆಗೆ ಬೀಸದ ದಿನವನ್ನು ಕಾದು ಸಿಡಿಸುತ್ತಿದ್ದುದರಿಂದ, ದೂಳು ಬಿದ್ದದ್ದು ಪಕ್ಕದ ಯೂಟಾ ರಾಜ್ಯದ ಇಂಥ ಸಣ್ಣ ಊರುಗಳ ಮೇಲೆ. 1953ರ ಮೇ 19ರ ಸ್ಫೋಟದ ಬಳಿಕ ಆ ಊರಿನವರಿಗೆ ಕೆಲವು ಗಂಟೆ ಮನೆಯೊಳಗಿರಿ ಎಂದು ಹೇಳಲಾಯಿತು, ಅಷ್ಟೆ. ಅದೇ ವಸಂತದಲ್ಲಿ ಸೀಡರ್ ಸಿಟಿಯ ಕುರಿಗಾಹಿಗಳ ಸಾವಿರಾರು ಕುರಿಗಳು ಸತ್ತವು. ಮೇವು ಸಾಲದೆ, ಚಳಿ ತಾಳದೆ ಸತ್ತವೆಂದು ಸರ್ಕಾರ ನ್ಯಾಯಾಲಯದಲ್ಲಿ ವಾದಿಸಿ 1956ರಲ್ಲಿ ಗೆದ್ದಿತು. 1982ರಲ್ಲಿ ಅದೇ ನ್ಯಾಯಾಧೀಶರು, ಸರ್ಕಾರ ನ್ಯಾಯಾಲಯಕ್ಕೆ ವಂಚನೆ ಮಾಡಿತ್ತೆಂದು ತೀರ್ಪು ಕೊಟ್ಟರು. ಮೇಲಿನ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ವಿಕಿರಣ ಅಳೆಯುವ ಗೈಗರ್ ಕೌಂಟರುಗಳು ಹುಚ್ಚೆದ್ದು ಕಿರುಚಿದರೆ ತಲೆ ಕೆಡಿಸಿಕೊಳ್ಳಬೇಡಿ ಎಂದು 1957ರಲ್ಲಿ ಸರ್ಕಾರದವರೇ ವ್ಯಂಗ್ಯಚಿತ್ರ ಸಮೇತ ಕಿರುಹೊತ್ತಗೆ ಅಚ್ಚು ಹಾಕಿ ಹಂಚಿದ್ದರು.

ಬಿಯರಿನ ರುಚಿ ಕೆಟ್ಟಿತೇ ಎಂದು ಕುಡಿದು ನೋಡಲು ಪುರುಸೊತ್ತಿದ್ದ ಸರ್ಕಾರಕ್ಕೆ ಮನುಷ್ಯರ ರಕ್ತ ಕೆಟ್ಟಿತೇ ಎಂದು ಒಪ್ಪಿಕೊಳ್ಳಲು 1990 ಬರಬೇಕಾಯಿತು. ಆಗ ಬಂದ ಪರಿಹಾರ ಕಾಯ್ದೆಯಲ್ಲಿ ಗಾಳಿಯ ದಾರಿಯಲ್ಲಿ ವಾಸಿಸಿದವರಿಗೆ 50,000 ಡಾಲರ್. ಅದೂ ಗೊತ್ತುಪಡಿಸಿದ ಕೌಂಟಿಗಳಲ್ಲಿ, ಅಂದರೆ ಅಲ್ಲಿಯ ಜಿಲ್ಲೆಗಳಲ್ಲಿ, ಇದ್ದು ಗೊತ್ತುಪಡಿಸಿದ ರೋಗಗಳಿಂದ ಬಳಲಿದರೆ ಮಾತ್ರ, ಗಾಳಿಗೆ ಕೌಂಟಿಗಳ ಗಡಿ ತಿಳಿದಿರುತ್ತದೆ ಎಂಬಂತೆ. 1945ರಲ್ಲಿ ತಮ್ಮ ನೆಲದಲ್ಲೇ ಸಿಡಿದ ಮೊಟ್ಟಮೊದಲ ಬಾಂಬಿನ ದೂಳು ಕುಡಿದ ನ್ಯೂ ಮೆಕ್ಸಿಕೋದವರಂತೂ ಆ ಪಟ್ಟಿಯಲ್ಲೇ ಇರಲಿಲ್ಲ. 2024ರಲ್ಲಿ ಕಾಯ್ದೆಯ ಅವಧಿಯೂ ಮುಗಿದುಹೋಯಿತು. 2025ರ ಜುಲೈಯಲ್ಲಿ ಅದಕ್ಕೆ ಮತ್ತೆ ಜೀವ ಬಂದಿದೆ. ಮೊತ್ತ ಒಂದು ಲಕ್ಷ ಡಾಲರಿಗೆ ಏರಿದೆ, ಎಂಬತ್ತು ವರ್ಷಗಳ ನಂತರ ನ್ಯೂ ಮೆಕ್ಸಿಕೋವೂ ಸೇರಿದೆ. ಅರ್ಜಿಗೆ 2027ರ ಡಿಸೆಂಬರ್ 31 ಕಡೆಯ ದಿನ. ಆ ಕಾಲದಲ್ಲಿ ಆ ಊರಿನಲ್ಲೇ ವಾಸವಿದ್ದುದಕ್ಕೆ ಪುರಾವೆ ಬೇಕು, ಬಂದ ರೋಗ ಪಟ್ಟಿಯಲ್ಲಿರುವಂಥದೇ ಎಂಬುದಕ್ಕೆ ವೈದ್ಯಕೀಯ ದಾಖಲೆ ಬೇಕು. ಅರ್ಜಿದಾರರು ಈಗಾಗಲೇ ಸತ್ತಿದ್ದರೆ ಅವರ ಪರವಾಗಿ ಹೆಂಡತಿ ಮಕ್ಕಳು ಕಾಗದಪತ್ರ ಹೊಂದಿಸಿಕೊಡಬೇಕು.