ಬಂದೂಕಿನ ಪಹಣಿ

ಹಳೆಯ ಸ್ಕೂಟರ್ ಮಾರಲು ಹೊರಟವರಿಗೆಲ್ಲ ಗೊತ್ತಿರುವ ಸಂಗತಿ. ಆರ್.ಸಿ.ಯಲ್ಲಿ ನೀವು ಮೂರನೆಯ ಮಾಲೀಕರು ಎಂದು ತಿಳಿದ ಕೂಡಲೇ ಕೊಳ್ಳಲು ಬಂದವನ ಮುಖ ಗಂಟಾಗುತ್ತದೆ. ನಾಲ್ಕನೆಯವರು ಎಂದರೆ ಕೊಟ್ಟ ಕಾಫಿ ಕುಡಿದು, ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಎದ್ದು ಹೋಗುತ್ತಾನೆ. ಇನ್ನು ನೀವು, ‘ಎರಡನೆಯ ಮಾಲೀಕರು ಇದನ್ನು ಕೊಂಡದ್ದಲ್ಲ, ಮೊದಲನೆಯವರನ್ನು ಕೊಂದು, ಮನೆಗೆ ನುಗ್ಗಿ ಎತ್ತಿಕೊಂಡು ಬಂದದ್ದು, ಬೇಕಾದರೆ ಬರಹದಲ್ಲೇ ಇದೆ ನೋಡಿ’ ಎಂದು ಹೆಮ್ಮೆಯಿಂದ ಕಾಗದ ಮುಂದೊಡ್ಡಿದಿರೋ, ಆತ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಠಾಣೆಯ ಕಡೆ ಓಡುತ್ತಾನೆ.

ಲಂಡನ್ನಿನಲ್ಲಿ ಯಾರೂ ಓಡುವುದಿಲ್ಲ. ಅಲ್ಲಿ ಆ ಕಾಗದ ತೋರಿಸಿದ ಮೇಲೆಯೇ ಹರಾಜು ಕೂಗುವುದಕ್ಕೆ ಕೈಗಳು ಮೇಲೇಳುವುದು.

ಹಳೆಯ ಬಂದೂಕು, ಕತ್ತಿ, ಕಠಾರಿ ಕೂಡಿಡುವ ಶ್ರೀಮಂತರ ಲೋಕದಲ್ಲಿ ‘ಪ್ರಾವನೆನ್ಸ್’ ಎಂಬ ಮಂತ್ರವೊಂದಿದೆ. ವಸ್ತು ಮೊದಲು ಯಾರದಾಗಿತ್ತು, ಅವರಿಂದ ಯಾರ ಕೈಗೆ ಹೋಯಿತು, ಆಮೇಲೆ ಯಾವ ಮೊಮ್ಮಗನ ಪಾಲಿಗೆ ಬಂತು ಎಂಬ ಸರಪಳಿಗೆ ಆ ಹೆಸರು. ನಿಘಂಟು ತೆರೆದು ಇದಕ್ಕೊಂದು ಭಾರಿ ಪದ ಟಂಕಿಸಬಹುದು. ನಾಡಕಚೇರಿಯ ಜಗಲಿಯಲ್ಲಿ ಅರ್ಧ ಆಯಸ್ಸು ಕಳೆದ ನಮಗೆ ಅಷ್ಟು ಕಷ್ಟ ಬೇಕಿಲ್ಲ. ಅದು ಪಹಣಿ. ಕಾಲಂ ಒಂಬತ್ತರಲ್ಲಿ ಮಾಲೀಕನ ಹೆಸರು, ಹನ್ನೊಂದರಲ್ಲಿ ಋಣಭಾರ, ಜೊತೆಗೊಂದು ವಂಶವೃಕ್ಷ, ಸತ್ತವರ ಹೆಸರಿನಿಂದ ಬದುಕಿದವರ ಹೆಸರಿಗೆ ಬಂದ ಪೌತಿ ಖಾತೆ. ವ್ಯತ್ಯಾಸ ಇಷ್ಟೇ: ನಮ್ಮ ಪಹಣಿಗೆ ಚಿಕ್ಕಪ್ಪನೊಬ್ಬ ತಕರಾರು ಅರ್ಜಿ ಕೊಟ್ಟರೆ ಸಾಕು, ಜಮೀನು ಹತ್ತು ವರ್ಷ ಕದಲುವುದಿಲ್ಲ. ಬಂದೂಕಿನ ಪಹಣಿಯ ಮೇಲೆ ಇಡೀ ದೇಶವೊಂದು ತಕರಾರು ತೆಗೆದರೂ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

2023ರ ಮೇ ತಿಂಗಳಲ್ಲಿ ಇಂಥದೊಂದು ಪಹಣಿ ಸುದ್ದಿಗೆ ಬಂತು. ಟಿಪ್ಪು ಸುಲ್ತಾನನಿಗಾಗಿ 1793-94ರಲ್ಲಿ ತಯಾರಾದ ಬೇಟೆಯ ಬಂದೂಕು. ಗಟ್ಟಿಮರದ ಮೈಗೆ ಬೆಳ್ಳಿಯ ಕುಸುರಿ, ಉಕ್ಕಿನ ನಳಿಗೆಗೆ ಚಿನ್ನ, ಬೆಳ್ಳಿಯ ಕೆತ್ತನೆ, ಚಕಮಕಿ ಕಲ್ಲು ಬಡಿದು ಕಿಡಿ ಹಾರಿಸುವ ಕುದುರೆ. ಮಾಡಿದವನ ಹೆಸರು ಅಸದ್ ಖಾನ್ ಮುಹಮ್ಮದ್. ಅಳತೆಯಲ್ಲಿ ಇದು ಹದಿನಾಲ್ಕು ಬೋರಿನ ಬಂದೂಕು. ಅಂದರೆ ಒಂದು ಪೌಂಡ್ ಸೀಸವನ್ನು ಕರಗಿಸಿ ಹದಿನಾಲ್ಕು ಸಮನಾದ ಗುಂಡು ಎರೆದರೆ, ಅದರಲ್ಲಿ ಒಂದು ಈ ನಳಿಗೆಯೊಳಗೆ ಸರಿಯಾಗಿ ಇಳಿಯುತ್ತದೆ. ಸುಲ್ತಾನನ ಕಾಲದಲ್ಲಿ ಒಂದು ಪೌಂಡಿಗೆ ಹದಿನಾಲ್ಕು ಗುಂಡು. ಈಗ ಗುಂಡಿಲ್ಲದ ಖಾಲಿ ಬಂದೂಕಿಗೆ ಇಪ್ಪತ್ತು ಲಕ್ಷ ಪೌಂಡು.

ಅಷ್ಟು ಬೆಲೆಯ ಈ ಮಾಲು ಬ್ರಿಟನ್ ಬಿಟ್ಟು ಹೊರಡುವುದರಲ್ಲಿತ್ತು. ಅಲ್ಲಿನ ಸರ್ಕಾರ ಗಾಬರಿಯಾಯಿತು. ‘ಅಮೂಲ್ಯ ವಸ್ತು ದೇಶದಿಂದ ಆಚೆ ಹೋದರೆ ಗತಿಯೇನು?’ ಎಂದು ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಬ್ರಿಟನ್ನಿನ ಯಾವುದಾದರೂ ವಸ್ತು ಸಂಗ್ರಹಾಲಯವೋ ಸಂಸ್ಥೆಯೋ ಮುಂದೆ ಬಂದು, ಅಷ್ಟು ದುಡ್ಡು ಕೊಟ್ಟು ಅದನ್ನು ನಾಡಿಗೆ ಉಳಿಸಿಕೊಳ್ಳಲಿ ಎಂದು ತಿಂಗಳುಗಳ ಕಾಲಾವಕಾಶವನ್ನೂ ಕೊಟ್ಟಿತು. ಓದಿದವನು ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಹೌದು, ನಾಡಿಗೇ. ಯಾವ ನಾಡು ಎಂದು ಕೇಳಬೇಡಿ.

ಇಂಥ ತಡೆ ಹಾಕುವುದಕ್ಕೆ ಅಲ್ಲಿ 1952ರಿಂದ ಒಂದು ಸಮಿತಿ ಇದೆ, ‘ವೇವರ್ಲಿ’ ಎಂಬ ಹೆಸರಿನ ಮೂರು ಒರೆಗಲ್ಲುಗಳಿವೆ. ಈ ವಸ್ತು ನಮ್ಮ ಇತಿಹಾಸಕ್ಕೂ ರಾಷ್ಟ್ರಜೀವನಕ್ಕೂ ಎಷ್ಟು ಅಂಟಿಕೊಂಡಿದೆಯೆಂದರೆ, ಅದು ಹೊರಟುಹೋದರೆ ದುರ್ದೈವವೇ? ಕಲೆಯಾಗಿ ಅದು ಅಪೂರ್ವವೇ? ಅಧ್ಯಯನಕ್ಕೆ ಬೇಕಾದದ್ದೇ? ಸೊಗಸಾದ ಪ್ರಶ್ನೆಗಳು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದು ಒಳನುಗ್ಗಿದವರಲ್ಲಿ ಒಬ್ಬನಾದರೂ ಒಂದು ಗಳಿಗೆ ನಿಂತು, ಕೈಯಲ್ಲಿದ್ದುದನ್ನು ಕೆಳಗಿಟ್ಟು, ಈ ಮೂರು ಪ್ರಶ್ನೆ ಕೇಳಿಕೊಂಡಿದ್ದರೆ ಸಮಿತಿಗೆ ಇಂದು ಇಷ್ಟು ಕೆಲಸ ಇರುತ್ತಿರಲಿಲ್ಲ.

ಬಂದೂಕಿಗೂ ಮೊದಲು, 2021ರಲ್ಲಿ, ಟಿಪ್ಪುವಿನ ಸಿಂಹಾಸನದ ಕಟಕಟೆಯಲ್ಲಿದ್ದ ಚಿನ್ನದ ಹುಲಿತಲೆಯೊಂದಕ್ಕೂ ಇದೇ ತಡೆ ಬಿದ್ದಿತ್ತು. ಅದರ ಬೆಲೆ ಹದಿನೈದು ಲಕ್ಷ ಪೌಂಡು. ಆ ಸಿಂಹಾಸನ ಇಡಿಯಾಗಿ ಉಳಿಯಲಿಲ್ಲವೇಕೆ ಎಂದರೆ, ಕೊಳ್ಳೆ ಹಂಚುವುದಕ್ಕೆ ಅನುಕೂಲವಾಗಲೆಂದು ಗೆದ್ದವರ ಕಡೆಯವರೇ ಅದನ್ನು ಕಡಿದು ಚೂರು ಮಾಡಿದ್ದರು. ಬಾಳೆಗೊನೆ ಕದ್ದವನು ತೋಟದ ಯಜಮಾನನಿಗೆ ಸಿಪ್ಪೆಯನ್ನೂ ಕೊಡದೆ, ‘ಸಿಪ್ಪೆಗೆ ಪಾರಂಪರಿಕ ಮಹತ್ವವಿದೆ’ ಎಂದು ತಿಜೋರಿಯಲ್ಲಿಟ್ಟು ಬೀಗ ಹಾಕಿದ ಹಾಗೆ.

ಸಂಗ್ರಾಹಕರ ವಿದ್ಯೆಯನ್ನು ನಾನು ಹಗುರವಾಗಿ ನೋಡುವವನಲ್ಲ. ಟಿಪ್ಪುವಿನ ಬಂದೂಕೇ ಹೌದೇ ಎಂದು ಗುರುತಿಸುವುದು ಸುಲಭದ ಕೆಲಸವಲ್ಲ. ಹುಲಿಯ ಪಟ್ಟೆಯ ವಿನ್ಯಾಸ ನೋಡಬೇಕು. ನಳಿಗೆಯ ಮೇಲೆ ಹೈದರನ ಹೆಸರಿನ ಅಕ್ಷರಗಳ ಮುದ್ರೆ ಹುಡುಕಬೇಕು. ಶ್ರೀರಂಗಪಟ್ಟಣದ ಕಾರ್ಖಾನೆಯದೋ ಬಿದನೂರಿನ ನಗರದ್ದೋ ಎಂದು ಓದಬೇಕು. ಇಸವಿಯೋ, ಸುಲ್ತಾನ ತಾನೇ ಚಾಲನೆಗೆ ತಂದ ಮೌಲೂದಿ ಲೆಕ್ಕದ್ದು, ಅಂಕಿಗಳು ಬಲದಿಂದ ಎಡಕ್ಕೆ. ಭೂತಗನ್ನಡಿ ಹಿಡಿದು ಇವನ್ನೆಲ್ಲ ತಪ್ಪಿಲ್ಲದೆ ಓದುವ ಆ ಕಣ್ಣುಗಳಿಗೆ ಒಂದೇ ಒಂದು ಸಂಗತಿ ಮಾತ್ರ ಕಾಣುವುದಿಲ್ಲ. ಅದು ವಾಕ್ಯದ ಕರ್ತೃಪದ.

ಹರಾಜಿನ ಕೈಪಿಡಿಗಳನ್ನು ಓದಿ ನೋಡಿ. ಬಂದೂಕು ‘ದೊರೆತದ್ದು’, ಕತ್ತಿ ‘ಪಡೆಯಲಾದದ್ದು’, ಆಮೇಲೆ ‘ವಂಶಪಾರಂಪರ್ಯವಾಗಿ ಬಂದದ್ದು’. ಪ್ರೌಢಶಾಲೆಯಲ್ಲಿ ನಮಗೆ ವ್ಯಾಕರಣ ಕಲಿಸಿದ ಮೇಷ್ಟರು ಕರ್ಮಣಿ ಪ್ರಯೋಗ ಕಂಡರೆ ಕೆಂಪು ಶಾಯಿ ಎಳೆಯುತ್ತಿದ್ದರು. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದರೆ ಕನ್ನಡ ಕೊಲ್ಲಲ್ಪಟ್ಟಿತು ಎನ್ನುತ್ತಿದ್ದರು. ಅವರ ಕೈಗೆ ಈ ಕೈಪಿಡಿ ಸಿಕ್ಕಿದ್ದರೆ ಶಾಯಿಯ ದೌತಿ ಬರಿದಾಗುತ್ತಿತ್ತು. ಈಗ ಈ ಬೇಟೆ ಬಂದೂಕನ್ನೇ ತೆಗೆದುಕೊಳ್ಳಿ. ಇದು ಲಾರ್ಡ್ ಕಾರ್ನ್‌ವಾಲಿಸರಿಗೆ ‘ಸಮರ್ಪಿಸಲಾದ’ ಬಂದೂಕಂತೆ. ಸಮರ್ಪಿಸಿದವರು ಯಾರು ಸ್ವಾಮಿ? ಇದೇ ಕಾರ್ನ್‌ವಾಲಿಸರು 1792ರಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ಸಾಲದೆಂದು ಒತ್ತೆಗೆ ಇಬ್ಬರು ಗಂಡುಮಕ್ಕಳನ್ನು ತೆಗೆದುಕೊಂಡು ಹೋದವರು. ಅಂಥವರ ಹುಟ್ಟುಹಬ್ಬ ನೆನಪಿಟ್ಟುಕೊಂಡು ಸುಲ್ತಾನನೇ ಬಂದೂಕು ಕಟ್ಟಿ ಕಳುಹಿಸಿದನೆಂದು ನಂಬುವಷ್ಟು ಮುಗ್ಧತೆ ನನ್ನಲ್ಲಂತೂ ಇಲ್ಲ.

ಕಂಪನಿಯವರ ಒಂದು ಗುಣವನ್ನು ಮಾತ್ರ ಮೆಚ್ಚಲೇಬೇಕು. ಅವರಿಗೆ ಲೆಕ್ಕ ಇಡಲು ಬರುತ್ತಿತ್ತು. ಕೋಟೆ ಬಿದ್ದ ರಾತ್ರಿ ಸಿಪಾಯಿಗಳು ಸಿಕ್ಕಿದ್ದನ್ನು ಸಿಕ್ಕವರು ದೋಚಿದರು. ಅದು ಅಪರಾಧವೆನಿಸಿತು, ಕೆಲವರನ್ನು ನೇಣಿಗೇ ಹಾಕಿದರು. ಮರುದಿನದಿಂದ ಅದೇ ಕೆಲಸಕ್ಕೆ ಸಮಿತಿ, ಪಟ್ಟಿ, ಏಜೆಂಟರು ಬಂದರು. ಅದು ಆಡಳಿತವೆನಿಸಿತು. ಸೇನಾಪತಿ ಹ್ಯಾರಿಸರ ಪಾಲಿಗೆ 1,42,000 ಪೌಂಡಿಗೂ ಮಿಕ್ಕಿ ಬಂತು. ಬಿಳಿಯ ಸಿಪಾಯಿಗೆ ಏಳು ಪೌಂಡು, ದೇಶಿ ಸಿಪಾಯಿಗೆ ಐದು. ಸುಲ್ತಾನನ ಮಲಗುವ ಕೋಣೆಯಲ್ಲಿ ಸಿಕ್ಕ ಕತ್ತಿಯನ್ನು ದಾಳಿಯ ಮುಂದಾಳು ಬೇರ್ಡ್‌ಗೆ ಕೊಟ್ಟರು, ಮತ್ತು ಎಲ್ಲಿ ಸಿಕ್ಕಿತು, ಯಾರಿಗೆ ಕೊಟ್ಟೆವು ಎಂಬುದನ್ನು ಕತ್ತಿಯ ಮೇಲೆಯೇ ಕೆತ್ತಿಸಿದರು. ನಮ್ಮೂರಿನಲ್ಲಿ ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟವರು ಬೆಳಕು ಬಾರದಷ್ಟು ದೊಡ್ಡದಾಗಿ ಅದರ ಮೇಲೆ ಹೆಸರು ಬರೆಸುತ್ತಾರಲ್ಲ, ಹಾಗೆ. ಆ ಬರಹಕ್ಕೆ 2023ರ ಮೇನಲ್ಲಿ ಸಿಕ್ಕ ಬೆಲೆ ಒಂದು ಕೋಟಿ ನಲವತ್ತು ಲಕ್ಷ ಪೌಂಡು. ಬರಹವಿಲ್ಲದ ಕತ್ತಿಯಾಗಿದ್ದರೆ ಅದು ಬರೀ ಕತ್ತಿ. ನಮ್ಮ ಕಳ್ಳರು ಮನೆಯೊಳಗಿನ ಪಾತ್ರೆ ಕದ್ದ ಕೂಡಲೇ ಅದರ ಮೇಲಿನ ಹೆಸರನ್ನು ಉಜ್ಜಿ ಅಳಿಸುತ್ತಾರೆ. ಎಂಥ ದಡ್ಡತನ! ‘ಇಂಥವರ ಮನೆಯಿಂದ ಇಂಥ ದಿನ ಎತ್ತಿದ್ದು’ ಎಂದು ಕೆಳಗೊಂದು ಸಾಲು ಸೇರಿಸುವ ಬುದ್ಧಿ ಯಾರಿಗೂ ಹೊಳೆದಿಲ್ಲ.

ಇನ್ನೊಂದು ಕಥೆ ಬರ್ಕ್‌ಷೈರಿನ ಮನೆಯೊಂದರ ಅಟ್ಟದ್ದು. ನಮ್ಮ ಅಟ್ಟಗಳಲ್ಲಿ ತೂತು ಬಿದ್ದ ಕೊಳಗ, ಮದುವೆ ಕಾಲದ ಜಮಖಾನ, ಯಾರದೋ ಬಾಣಂತನದ ಒಲೆ ಇರುತ್ತವೆ. ಅಲ್ಲಿ ಟಿಪ್ಪುವಿನ ಬಂದೂಕು, ಕತ್ತಿಗಳು ಇದ್ದವು. ಕಂಪನಿಯ ಸೈನ್ಯದಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಶ್ರೀರಂಗಪಟ್ಟಣದಿಂದ ತಂದದ್ದಂತೆ. 2019ರ ಮಾರ್ಚ್‌ನಲ್ಲಿ ಎಲ್ಲವೂ ಹರಾಜಾಗಿ 1,07,000 ಪೌಂಡ್ ಬಂತು, ಅದರಲ್ಲಿ ಬೆಳ್ಳಿಯ ಅಲಂಕಾರದ ಬಂದೂಕೊಂದಕ್ಕೇ ಅರವತ್ತು ಸಾವಿರ. ಆ ಬಂದೂಕಿಗೆ ಯುದ್ಧದಲ್ಲಿ ಪೆಟ್ಟು ಬಿದ್ದ ಗುರುತು ಇತ್ತು. ಸ್ಕೂಟರಿಗೆ ಡೆಂಟ್ ಇದ್ದರೆ ಐದು ಸಾವಿರ ಕಡಿಮೆ. ಇಲ್ಲಿ ಡೆಂಟಿಗೇ ದುಡ್ಡು. ಯಜಮಾನ ಕೊನೆಯವರೆಗೂ ಬಿಟ್ಟುಕೊಡದೆ ಬಡಿದಾಡಿದ ಎನ್ನುವುದಕ್ಕೆ ಅದು ಸಾಕ್ಷಿಯಂತೆ. ಬಿಟ್ಟುಕೊಡಲಿಲ್ಲ ಎಂಬ ಸಾಕ್ಷಿಯನ್ನೇ ಮುಂದಿಟ್ಟು ಮಾರುವುದು ಸಾಮಾನ್ಯ ವ್ಯಾಪಾರಿಯ ಕೈಲಾಗುವ ಮಾತಲ್ಲ.

ಇಷ್ಟೆಲ್ಲ ನಡೆಯುವಾಗ ನಾವೇನು ಸುಮ್ಮನಿದ್ದೆವೇ? ನಮ್ಮ ವಿಜಯ್ ಮಲ್ಯರು ಇಪ್ಪತ್ತು ವರ್ಷದ ಹಿಂದೆಯೇ ಸುಮಾರು ಒಂದೂವರೆ ಕೋಟಿ ರೂಪಾಯಿ ಸುರಿದು ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಕತ್ತಿಯೊಂದನ್ನು ಹಿಡಿದಿದ್ದರು. ನಾಡೇ ಎದೆಯುಬ್ಬಿಸಿತ್ತು. ಆಮೇಲೆ ಕಾಲ ಉರುಳಿ, ಬ್ಯಾಂಕುಗಳು ಅವರ ಆಸ್ತಿಯ ಪಟ್ಟಿ ಹಿಡಿದು ಲಂಡನ್ನಿನ ನ್ಯಾಯಾಲಯದ ಬಾಗಿಲಿಗೆ ಹೋದಾಗ, 2018ರಲ್ಲಿ, ಕತ್ತಿಯ ಸಂಗತಿ ಹೊರಬಂತು: ಮನೆಗೆ ಆಗಿಬರುತ್ತಿಲ್ಲ ಎಂದು ಮನೆಯವರು ಹೇಳಿದ್ದರಿಂದ 2016ರಲ್ಲೇ ಅದನ್ನು ಕೊಟ್ಟುಬಿಟ್ಟೆ! ಇನ್ನೂರು ವರ್ಷ ಬ್ರಿಟಿಷರು ಒಂದು ಕೊಂಡಿಯೂ ತಪ್ಪದಂತೆ ಕಾಪಾಡಿಕೊಂಡು ಬಂದ ಪಹಣಿಯನ್ನು ನಮ್ಮವರು ಹನ್ನೆರಡೇ ವರ್ಷದಲ್ಲಿ ತುಂಡರಿಸಿದರು. ವಾಸ್ತು ಸರಿಯಿಲ್ಲವೆಂದು ಬಾಗಿಲು ಮುಚ್ಚಿಸುವುದನ್ನು ನೋಡಿದ್ದೇವೆ. ಇತಿಹಾಸವನ್ನೇ ಹೀಗೆ ಬಾಗಿಲಿನಿಂದ ಆಚೆ ಇಟ್ಟವರು ಇವರೊಬ್ಬರೇ ಇರಬೇಕು.

ಸರ್ಕಾರದ ಮಟ್ಟದಲ್ಲೂ ಕೆಲಸ ನಡೆದಿದೆ. ನೂರು ವರ್ಷಕ್ಕಿಂತ ಹಳೆಯ ವಸ್ತು ದೇಶದ ಗಡಿ ದಾಟಬಾರದೆಂದು 1972ರಲ್ಲಿ ಕಾಯ್ದೆ ತಂದಿದ್ದೇವೆ. ಟಿಪ್ಪುವಿನ ಬಂದೂಕುಗಳ ಮಟ್ಟಿಗೆ ಅದು 173 ವರ್ಷ ತಡವಾಯಿತು, ಅಷ್ಟೆ. ಟಿಪ್ಪು ಜಯಂತಿಯನ್ನು 2015ರಲ್ಲಿ ಶುರು ಮಾಡಿ, 2019ರಲ್ಲಿ ನಿಲ್ಲಿಸಿ, ಎರಡಕ್ಕೂ ಬಂದೋಬಸ್ತ್ ಹಾಕಿದ್ದೇವೆ. ಬಿದನೂರಿನ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರ ಕೆಸರು ತೋಡಿದಾಗ ಅವನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಅಷ್ಟನ್ನು ಕಾಪಾಡಿದ್ದು ಯಾವ ಇಲಾಖೆಯೂ ಅಲ್ಲ, ಕೆಸರು. ಇನ್ನು ಶ್ರೀರಂಗಪಟ್ಟಣದ ಮದ್ದಿನ ಮನೆಯ ಕಥೆ ಕೇಳಿ. ಬೆಂಗಳೂರು-ಮೈಸೂರು ಜೋಡಿ ರೈಲುಹಳಿಗೆ ಅಡ್ಡವಾಗಿದೆಯೆಂದು 2017ರಲ್ಲಿ ಆ ಇಡೀ ಕಟ್ಟಡವನ್ನು, ಸುಮಾರು ಸಾವಿರ ಟನ್ ತೂಕದ್ದನ್ನು, ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ತಂತ್ರಜ್ಞಾನಕ್ಕೆ ಕೈಮುಗಿಯಬೇಕು. ಲಂಡನ್ನಿನಲ್ಲಿ ಒಂದು ಬಂದೂಕನ್ನು ಬಾಗಿಲಾಚೆ ಒಯ್ಯಲು ಬಿಡುವುದಿಲ್ಲ. ನಮ್ಮಲ್ಲಿ ಆಯುಧದ ಮನೆಯೇ ಎದ್ದು ನಡೆಯುತ್ತದೆ. ಒಳಗೆ ಸಾಮಾನು ಇಲ್ಲದ್ದರಿಂದ ಭಾರವೂ ಕಡಿಮೆಯಾಗಿರಬೇಕು.

ಬರ್ಕ್‌ಷೈರಿನ ಅಟ್ಟದಲ್ಲಿ ಸಿಕ್ಕಿದ ಇನ್ನೊಂದು ವಸ್ತುವನ್ನು ಹೇಳಲು ಮರೆತೆ. ಅದೊಂದು ಚಿನ್ನದ ಅಡಿಕೆ ಡಬ್ಬಿ. ಹದಿನೇಳೂವರೆ ಸಾವಿರ ಪೌಂಡಿಗೆ ಹೋಯಿತು. ವಿಶೇಷವೆಂದರೆ ಅದರೊಳಗೆ ಇನ್ನೂ ಅಡಿಕೆ ಇತ್ತು, ಇನ್ನೂರಿಪ್ಪತ್ತು ವರ್ಷದ ಹಳೆಯ ಅಡಿಕೆ. ಬಂದೂಕು, ಕತ್ತಿಗಳ ವಿಷಯ ದೊಡ್ಡವರಿಗೆ ಬಿಟ್ಟದ್ದು. ಅಡಿಕೆಯ ಮಾತು ಬಂದರೆ ಮಲೆನಾಡಿನವನಾದ ನನಗೆ ತಡೆದುಕೊಳ್ಳಲಾಗುವುದಿಲ್ಲ. ಅದನ್ನಾದರೂ ವಾಪಸು ತರಿಸಬಾರದೇ ಎಂದು ನಮ್ಮೂರಿನ ಮಂಡಿಯಲ್ಲಿ ಕೂತು ಹೇಳಿದೆ. ತೂಕದವರು ತಕ್ಕಡಿಯಿಂದ ಕಣ್ಣು ತೆಗೆಯದೆ ಕೇಳಿದರು, ‘ರಾಶಿಯೋ, ಬೆಟ್ಟೆಯೋ, ಚಾಲಿಯೋ?’ ನನಗೆ ಗೊತ್ತಿರಲಿಲ್ಲ.

‘ಯಾವುದಾದರೂ ಇರಲಿ, ಹೊರದೇಶದಿಂದ ಬಂದರೆ ಅದು ಆಮದು ಅಡಿಕೆ’ ಎಂದರು ಪಕ್ಕದಲ್ಲಿದ್ದ ದಲಾಲರು. ‘ಕಿಲೋಗೆ 351 ರೂಪಾಯಿಗಿಂತ ಕಡಿಮೆಯದ್ದನ್ನು ಒಳಗೆ ಬಿಡಬಾರದೆಂದು 2023ರಿಂದ ಕಾನೂನಿದೆ.’

ಬೆಲೆಯ ತೊಂದರೆ ಇರಲಾರದು, ಪೌಂಡಿನ ಲೆಕ್ಕದಲ್ಲಿ ಹೋದ ಮಾಲು ಅದು ಎಂದೆ.

‘ಹಾಗಾದರೆ ಬೆಳೆದ ದೇಶ ಯಾವುದು ಎಂಬ ಪ್ರಮಾಣಪತ್ರ ಬೇಕು’ ಎಂದರು ಅವರು. ‘ಅದನ್ನು ಕೊಡಬೇಕಾದವರು ಅಲ್ಲಿನವರು. ಕೊಡುತ್ತಾರೆಯೇ?’