ಪಾಸ್ ಖಚಿತ, ಪಿಂಗ್ ಅನಿಶ್ಚಿತ

ಮಾರತ್ತಹಳ್ಳಿ, ಬಿಟಿಎಂ ಲೇಔಟ್ ಕಡೆಯ ವಿದ್ಯುತ್ ಕಂಬಗಳು ದೀಪ ಹೊರುವುದಕ್ಕಿಂತ ಹೆಚ್ಚಾಗಿ ವಿದ್ಯೆ ಹೊರುತ್ತವೆ. ಕಂಪ್ಯೂಟರ್ ಜಾಲ ಕಟ್ಟಿ ನಡೆಸುವ ವಿದ್ಯೆಗೆ, ಅಂದರೆ ನೆಟ್‌ವರ್ಕಿಂಗಿಗೆ, ಸಿಸ್ಕೊ ಕಂಪನಿ ಪರೀಕ್ಷೆ ನಡೆಸಿ ಕೊಡುವ ಪ್ರಮಾಣಪತ್ರ ಸಿಸಿಎನ್‌ಎ. ‘ಸಿಸಿಎನ್‌ಎ, ಶೇ 100 ಪಾಸ್ ಗ್ಯಾರಂಟಿ’ ಎಂದು ಪೋಸ್ಟರ್ ಕೂಗಿ ಹೇಳುತ್ತದೆ. ನೆಟ್‌ವರ್ಕಿಂಗ್ ಬರುತ್ತದೆ ಎಂದು ಮಾತ್ರ ಅದು ಎಲ್ಲಿಯೂ ಗ್ಯಾರಂಟಿ ಕೊಡುವುದಿಲ್ಲ. ಇಷ್ಟು ಪ್ರಾಮಾಣಿಕವಾದ ಜಾಹೀರಾತು ಇಂದಿನ ದಿನಗಳಲ್ಲಿ ಅಪರೂಪ.

ತರಬೇತಿಯ ಮೊದಲ ವಾರ ಓಎಸ್‌ಐ ಮಾದರಿಯ, ಅಂದರೆ ಜಾಲದಲ್ಲಿ ಮಾಹಿತಿ ಸಾಗಿಸುವ ಕೆಲಸವನ್ನು ಹಂಚಿ ತೋರಿಸುವ ನಕ್ಷೆಯ, ಏಳು ಪದರಗಳು. ಅವುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳ ಕ್ರಮ ನೆನಪಿಡಲು ‘ಪ್ಲೀಸ್ ಡು ನಾಟ್ ಥ್ರೋ ಸಾಸೇಜ್ ಪಿಜ್ಜಾ ಅವೇ’ ಎಂಬ ಮಂತ್ರೋಪದೇಶವಾಗುತ್ತದೆ. ಜನ್ಮದಲ್ಲಿ ಸಾಸೇಜ್ ಕಾಣದ ತಿಪಟೂರಿನ ಹುಡುಗ ಅದನ್ನು ಎಸೆಯಬಾರದೆಂದು ಕಣ್ಣುಮುಚ್ಚಿ ಜಪಿಸುತ್ತಾನೆ. ನಾಲ್ಕನೆಯ ಪದರ ಮಾಡುವ ಕೆಲಸವೇನು ಎಂದು ಕೇಳಿ ನೋಡಿ: ‘ಟ್ರಾನ್ಸ್‌ಪೋರ್ಟ್, ಸಾರ್.’ ಅದರಾಚೆಗೆ ಮೌನ.

ಎರಡನೆಯ ವಾರ, ಜಾಲದ ಕಂಪ್ಯೂಟರುಗಳಿಗೆ ಕೊಡುವ ಅಂಕಿ-ವಿಳಾಸಗಳ ಎ, ಬಿ, ಸಿ ಎಂಬ ವರ್ಗಗಳು. ಈ ವರ್ಗಗಳನ್ನು ಬದಿಗಿಟ್ಟು, ಬೇಕಾದ ಗಾತ್ರಕ್ಕೆ ವಿಳಾಸ ಹಂಚುವ ಸಿಐಡಿಆರ್ ಪದ್ಧತಿ ಬಂದದ್ದು 1993ರಲ್ಲಿ, ಅಂದರೆ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಹುಟ್ಟುವ ಮೊದಲು. ಹೋದವರಿಗೆ ಮನೆಯವರು ವರ್ಷಕ್ಕೊಮ್ಮೆ ತಿಥಿ ಮಾಡುತ್ತಾರೆ. ನಮ್ಮ ತರಬೇತುದಾರರು ಬ್ಯಾಚಿಗೊಮ್ಮೆ ಮಾಡುತ್ತಾರೆ.

ಸಬ್‌ನೆಟ್ಟಿಂಗ್, ಅಂದರೆ ದೊಡ್ಡ ಜಾಲವನ್ನು ಚಿಕ್ಕ ಜಾಲಗಳಾಗಿ ಒಡೆಯುವ ಪಾಠವಂತೂ ಕಣ್ತುಂಬಿಕೊಳ್ಳಬೇಕಾದದ್ದು. ಬೋರ್ಡಿನ ಮೇಲೆ 192.168.1.0/26 ಎಂದು ಬರೆದಾಗುತ್ತದೆ. ಈ ಜಾಲದಲ್ಲಿ ಎಷ್ಟು ಯಂತ್ರಗಳಿಗೆ ವಿಳಾಸ ಸಿಗುತ್ತದೆ ಎಂಬುದೇ ಲೆಕ್ಕ. ‘/26 ಅಂದರೆ 192; 256ರಲ್ಲಿ ಅದನ್ನು ಕಳೆಯಿರಿ, 64. ಅದರಲ್ಲಿ ಎರಡು ಕಳೆಯಿರಿ, 62. ಮುಗಿಯಿತು.’ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತದೆ: ‘ಆ ಎರಡನ್ನು ಏಕೆ ಕಳೆಯಬೇಕು ಸಾರ್?’ ಒಂದು ವಿಳಾಸ ಇಡೀ ಜಾಲದ ಹೆಸರಿಗೆ, ಇನ್ನೊಂದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವ ಬ್ರಾಡ್‌ಕಾಸ್ಟಿಗೆ ಎನ್ನಲು ಅರ್ಧ ನಿಮಿಷ ಸಾಕು. ಆದರೆ ಸಿಗುವ ಉತ್ತರ: ‘ಅದು ಇಂಟರ್‌ವ್ಯೂ ಬ್ಯಾಚಿನಲ್ಲಿ ಬರುತ್ತದೆ.’ ಅದಕ್ಕೆ ಶುಲ್ಕ ಬೇರೆ.

ಇಷ್ಟೆಲ್ಲ ಬರೀ ಪೀಠಿಕೆ. ನಿಜವಾದ ಪಠ್ಯಪುಸ್ತಕ ಡಂಪ್. ಪರೀಕ್ಷೆ ಬರೆದವರು ನೆನಪಿನಲ್ಲಿ ಹೊತ್ತು ತಂದ ಪ್ರಶ್ನೆಗಳ ಪಿಡಿಎಫ್ ಅದು. ಹೀಗೆ ಹೊತ್ತು ತರುವುದಿಲ್ಲವೆಂದು ಪ್ರತಿಯೊಬ್ಬರೂ ಪರೀಕ್ಷೆಗೆ ಮುನ್ನ ಕರಾರಿಗೆ ಒಪ್ಪಿಯೇ ಕೂತಿರುತ್ತಾರೆ, ಇರಲಿ. ಅದರಲ್ಲಿರುವ ಉತ್ತರ ಸರಿಯೋ ತಪ್ಪೋ ಎಂಬ ಅನುಮಾನ ಬಂದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತಕ್ಕೆ ಹಾಕುತ್ತಾರೆ. ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಯಾವ ದಾರಿ ಹಿಡಿಯಬೇಕು ಎಂಬುದು ರೂಟರಿನೊಳಗಿನ ದಾರಿಪಟ್ಟಿಯಾದ ರೂಟಿಂಗ್ ಟೇಬಲ್ ನೋಡಿ ತೀರ್ಮಾನವಾಗುವ ವಿಷಯ ಎಂದುಕೊಂಡಿದ್ದೆವು. ಇಲ್ಲಿ ಬಹುಮತ ತೀರ್ಮಾನಿಸುತ್ತದೆ. ಪರದೆಯ ಮೇಲೆಯೇ ಜಾಲ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶವನ್ನು ಸಿಸ್ಕೊ ಕಂಪನಿಯೇ ಪುಕ್ಕಟೆ ಕೊಡುತ್ತದೆ. ಎರಡು ರೂಟರ್ ಎಳೆದು ಜೋಡಿಸಿ ಪಿಂಗ್ ಮಾಡಿದರೆ, ಅಂದರೆ ಒಂದರಿಂದ ಇನ್ನೊಂದನ್ನು ಕೂಗಿ ಉತ್ತರ ಬರುತ್ತದೆಯೇ ಎಂದು ನೋಡಿದರೆ, ಸಂಶಯ ಅಲ್ಲೇ ಬಗೆಹರಿದೀತು. ಆದರೆ ಅದನ್ನು ತೆರೆಯಲು ಪುರುಸೊತ್ತೆಲ್ಲಿ, ಇನ್ನೂ ನೂರೆಂಟು ಪ್ರಶ್ನೆ ಉರು ಹೊಡೆಯುವುದು ಬಾಕಿ ಇರುವಾಗ!

ಪರೀಕ್ಷಾ ಶುಲ್ಕ 300 ಡಾಲರ್, ಮೇಲೆ ತೆರಿಗೆ. ಅವಧಿ 120 ನಿಮಿಷ. ಮುಂದೆ ಹೋದ ಮೇಲೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಡಂಪ್ ನುಂಗಿದವನಿಗೆ ಈ ನಿಯಮದಿಂದ ಕಷ್ಟವೇನಿಲ್ಲ, ಅವನು ಪ್ರಶ್ನೆಯನ್ನು ಮೊದಲ ಸಲವೂ ಪೂರ್ತಿ ಓದಿರುವುದಿಲ್ಲ.

ಅತ್ತ ಕಂಪನಿಗಳ ಲೀಲೆ ನೋಡಿ. ಪ್ರಮಾಣಪತ್ರ ಇಲ್ಲದವರ ಅರ್ಜಿಯನ್ನು ಮುಟ್ಟುವುದಿಲ್ಲ, ಇದ್ದವರ ಪ್ರಮಾಣಪತ್ರವನ್ನು ನಂಬುವುದಿಲ್ಲ. ನಂಬಿಕೆ ಇಲ್ಲದ್ದರಿಂದ ಮತ್ತೆ ಸಂದರ್ಶನ; ಸಂದರ್ಶಕನಿಗೂ ಬಿಡುವಿಲ್ಲದ್ದರಿಂದ ಅವೇ ಹಳೆಯ ಇಪ್ಪತ್ತು ಪ್ರಶ್ನೆ. ಆ ಇಪ್ಪತ್ತಕ್ಕೂ ಪಿಡಿಎಫ್ ಉಂಟು. ಕೊನೆಗೆ ಕೆಲಸಕ್ಕೆ ಸೇರಿದವನ ಕೈಗೆ ಹಿರಿಯರೊಬ್ಬರು ಯಂತ್ರಕ್ಕೆ ನೇರ ಆದೇಶ ಕೊಡಲು ಬಳಸುವ ಕನ್ಸೋಲ್ ಕೇಬಲ್ ಕೊಟ್ಟು ನೆಟ್‌ವರ್ಕ್ ಸ್ವಿಚ್ಚಿಗೆ ಜೋಡಿಸು ಎಂದಾಗ ಆತ ವಿನಯದಿಂದ ಕೇಳುತ್ತಾನೆ: ‘ಆಯ್ಕೆಗಳೇನು ಸಾರ್? ಎ, ಬಿ, ಸಿ, ಡಿ?’

ಪ್ರಮಾಣಪತ್ರದ ಆಯುಷ್ಯ ಮೂರು ವರ್ಷ. ಆಮೇಲೆ ನವೀಕರಿಸಬೇಕು. ಹಳೆಯ ವಿದ್ಯಾರ್ಥಿಗಳಿಗೆ ಡಂಪ್ ಮೇಲೆ ವಿಶೇಷ ರಿಯಾಯಿತಿ ಉಂಟೆಂದು ಕಂಬದ ಪೋಸ್ಟರಿನ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ.