ಪ್ಲೇಟಿನ ಹಿಂಬದಿಯ ಹಾಡು

ಇಂಗ್ಲೆಂಡಿಗೆ ಬರುವವರೆಗೂ ನನಗೆ ಬಿ-ಸೈಡ್ ಅಂದರೆ ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು, ಅಷ್ಟೇ. ನಮ್ಮಲ್ಲಿ ಎ ಸೈಡಿಗೆ ಒಂದು ಸಿನಿಮಾ, ಬಿ ಸೈಡಿಗೆ ಇನ್ನೊಂದು ತುಂಬಿದ ಕ್ಯಾಸೆಟ್ಟುಗಳೂ ಇದ್ದವು. ಮೇಲು ಕೀಳಿನ ಮಾತೇ ಇರಲಿಲ್ಲ. ಹಾಡು ಹುಟ್ಟುತ್ತಿದ್ದದ್ದೇ ಸಿನಿಮಾದ ಸನ್ನಿವೇಶಕ್ಕಾಗಿ. ಕಥೆಗೆ ಬೇಡವಾದ ಹಾಡು ನಮ್ಮ ಕಿವಿಗೆ ಬೀಳುತ್ತಿದ್ದದ್ದು ಕಡಿಮೆ.

ಇಲ್ಲಿಯವರ ರೀತಿ ಬೇರೆ. 1949ರಲ್ಲಿ ಅಮೆರಿಕದಲ್ಲಿ ನಿಮಿಷಕ್ಕೆ 45 ಸುತ್ತಿನ ಏಳು ಇಂಚಿನ ಗ್ರಾಮಫೋನ್ ಪ್ಲೇಟು ಬಂತು. ಬದಿಗೊಂದೇ ಹಾಡು. ಇದಕ್ಕೆ ಸಿಂಗಲ್ ಅಂತ ಹೆಸರು. ಮುಂದೆ ಗೆಲ್ಲಬೇಕಾದದ್ದು, ಹಿಂದೆ ಜಾಗ ಖಾಲಿ ಬಿಡಬಾರದೆಂದು ಹಾಕಿದ್ದು. ಈ ಹಿಂಬದಿಯ ಹಾಡೇ ಇಲ್ಲಿಯವರ ಬಿ-ಸೈಡ್. ಹಾಗೆ ಸುಮ್ನೆ ಹಾಕಿದವುಗಳಲ್ಲಿ ಎಂಥೆಂಥ ಹಾಡುಗಳಿದ್ದವು! ಗ್ಲೋರಿಯಾ ಗೇನರ್ ಅವರ 'ಐ ವಿಲ್ ಸರ್ವೈವ್' 1978ರಲ್ಲಿ ಹಿಂಬದಿಯಲ್ಲಿ ಬಂದ ಹಾಡು. ಕ್ಲಬ್ಬುಗಳ ಡಿಜೆಗಳು ಪ್ಲೇಟು ಮಗುಚಿ ಹಾಕಿದರು, ಜನ ಕುಣಿದರು. 1966ರ ಬೀಟಲ್ಸ್ ತಂಡದ ಹಾಡು 'ರೇನ್' ಕೂಡ ಹಿಂಬದಿಯದೇ. ವಾದ್ಯಗಳನ್ನು ವೇಗವಾಗಿ ನುಡಿಸಿ, ಟೇಪನ್ನು ನಿಧಾನ ಮಾಡಿದ್ದಾರೆ. ಕೊನೆಯಲ್ಲಿ ತಂಡದ ಜಾನ್ ಲೆನನ್ ದನಿ ಹಿಂದುಮುಂದಾಗಿ ತಿರುಗಿ ಬರುತ್ತದೆ. ಎಲ್ಲರ ಕಣ್ಣೂ ಮುಂಬದಿಯ ಮೇಲಿದ್ದಾಗ ಹಿಂಬದಿಯಲ್ಲಿ ಕೈ ಸಡಿಲ ಬಿಟ್ಟು ಆಡಬಹುದಿತ್ತು.

ನನ್ನ ಹತ್ತಿರ ಯಾರದೋ ಮನೆಯಿಂದ ಬಂದ ಹಳೆಯ 45 ಸುತ್ತಿನ ಪ್ಲೇಟು ಒಂದಿದೆ. ಅದರ ಮುಂಬದಿ ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಹಿಂಬದಿಯ ಗೆರೆಗಳು ಸವೆದು ಬೂದಿ ಬಣ್ಣಕ್ಕೆ ತಿರುಗಿವೆ, ಮುಳ್ಳು ಇಟ್ಟರೆ ಹಾಡಿಗಿಂತ ಮೊದಲು ಚರಚರ ಸದ್ದು. ಅವರಿಗೆ ಯಾವ ಹಾಡು ಇಷ್ಟವಿತ್ತು ಅಂತ ಕೇಳಬೇಕಾಗಿಲ್ಲ, ಅಲ್ವಾ?

ದುಡ್ಡಿನ ಲೆಕ್ಕವೂ ಚೆನ್ನಾಗಿತ್ತು. 1975ರಲ್ಲಿ ಕ್ವೀನ್ ತಂಡದ 'ಬೊಹಿಮಿಯನ್ ರಾಪ್ಸೊಡಿ' ಪ್ಲೇಟು ಲಕ್ಷಗಟ್ಟಲೆ ಮಾರಾಟವಾಯಿತು. ಹಿಂಬದಿಯಲ್ಲಿ ಇದ್ದದ್ದು ಡ್ರಮ್ಮರ್ ರೋಜರ್ ಟೇಲರ್ ಬರೆದ, ಕಾರಿನ ಬಗೆಗಿನ ಹಾಡು. ಪ್ಲೇಟು ಮಾರಿದಾಗೆಲ್ಲ ಎರಡೂ ಹಾಡು ಬರೆದವರಿಗೆ ಸಮಪಾಲು.

ಸಿಡಿ ಕಾಲದಲ್ಲಿ ಇದೇ ಒಂದು ವ್ಯಾಪಾರವಾಯಿತು. ಬ್ರಿಟನ್ನಿನಲ್ಲಿ ಒಂದೇ ಸಿಂಗಲ್ಲನ್ನು ಎರಡು ಸಿಡಿ ಮಾಡಿ, ಬೇರೆ ಬೇರೆ ಬಿ-ಸೈಡ್ ಹಾಕಿ, ಅಭಿಮಾನಿಗಳು ಎರಡನ್ನೂ ಕೊಳ್ಳುವಂತೆ ಮಾಡುತ್ತಿದ್ದರು. ಅದು ನನಗೆ ಹಿಡಿಸುವುದಿಲ್ಲ. ಆದರೂ ಅಲ್ಲಿ ಬಂದ ಹಾಡುಗಳು ಜೊಳ್ಳಲ್ಲ. ಸ್ವೇಡ್ ತಂಡ 1997ರಲ್ಲಿ, ಒಯಾಸಿಸ್ ತಂಡ 1998ರಲ್ಲಿ ಬಿ-ಸೈಡುಗಳದ್ದೇ ಆಲ್ಬಂ ತಂದವು.

2003ರಲ್ಲಿ ಇಂಟರ್ನೆಟ್ಟಿನಲ್ಲಿ ಹಾಡು ಮಾರುವ ಐಟ್ಯೂನ್ಸ್ ಅಂಗಡಿ ತೆರೆಯಿತು. ಬೇಕಾದ ಒಂದೇ ಹಾಡು ಕೊಳ್ಳಬಹುದು. ಫೈಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ, 2006ರಲ್ಲಿ, ನಾರ್ಲ್ಸ್ ಬಾರ್ಕ್ಲಿ ಎಂಬ ಜೋಡಿಯ 'ಕ್ರೇಜಿ' ಬರೀ ಡೌನ್‌ಲೋಡಿನ ಬಲದಿಂದಲೇ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಈಗ ಯಾರು ಬೇಕಾದರೂ ಎಷ್ಟು ಹಾಡು ಬೇಕಾದರೂ ಬಿಡಬಹುದಲ್ಲ ಅಂತ ಗೆಳೆಯರು ಹೇಳುತ್ತಾರೆ. ನಿಜ. ಆದರೆ ಪ್ರತಿ ಹಾಡೂ ಒಂಟಿಯಾಗಿ ನಿಂತು ಗಿರಾಕಿ ಹುಡುಕಬೇಕು. ಸ್ಪಾಟಿಫೈ 2024ರಿಂದ, ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ದುಡ್ಡು ಕೊಡುವುದಿಲ್ಲ. ಹಿಂದೆ ಅಂಥ ಹಾಡನ್ನು ಮುಂಬದಿಯ ಹಾಡು ಹೆಗಲ ಮೇಲೆ ಕೂರಿಸಿಕೊಂಡು ಮನೆಮನೆಗೆ ತಲುಪಿಸುತ್ತಿತ್ತು.

ಇದನ್ನು ನಾನು ಕನ್ನಡದಲ್ಲಿ ಬರೆಯಲು ಕಾರಣವಿದೆ. ಸಿನಿಮಾದ ಹಂಗಿಲ್ಲದೆ ಹಾಡು ಕಟ್ಟುವವರು ಈಗ ನಮ್ಮಲ್ಲೂ ಇದ್ದಾರೆ. ಅವರು ಸಿಂಗಲ್ ಬಿಡುತ್ತಾರೆ. ಆದರೆ ಅವರ ಕೈಗೆ ಸಿಂಗಲ್ ಸಿಗುವ ಹೊತ್ತಿಗೆ ಅದರ ಹಿಂಬದಿ ಹೋಗಿಯಾಗಿತ್ತು. ಅವರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಎರಡು ಹಾಡು ಒಟ್ಟಿಗೆ ಬಿಡಿ. ಒಂದು ನೀವು ಗೆಲ್ಲಬೇಕೆಂದುಕೊಂಡದ್ದು. ಇನ್ನೊಂದು, ರಾತ್ರಿ ಹೊತ್ತು ನಿಮಗಾಗಿ ಮಾತ್ರ ಮಾಡಿಕೊಂಡದ್ದು. ನಾನು ಎರಡನೆಯದನ್ನು ಮೊದಲು ಕೇಳುತ್ತೇನೆ.